ಚಕ್ಕುಲಿ ಬಿಲ್ಲೆಯ ನಕ್ಷೆ

ಗೋಕುಲಾಷ್ಟಮಿಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಅಮ್ಮ ಅಟ್ಟದ ಮೇಲಿಂದ ಚಕ್ಕುಲಿ ಒರಳನ್ನು ಇಳಿಸಿಕೊಡು ಎಂದಳು. ಹಿತ್ತಾಳೆಯ ಒರಳು, ಅವಳ ಮದುವೆಯಲ್ಲಿ ತವರಿನಿಂದ ಬಂದದ್ದು. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿ, ಬಿಲ್ಲೆಗಳ ಡಬ್ಬಿ ತೆಗೆದಳು. ಶಾವಿಗೆಯದು ಇತ್ತು, ಓಂಪುಡಿಯದು ಇತ್ತು, ಖಾರಸೇವೆಯದೂ ಇತ್ತು. ನಕ್ಷತ್ರದ ತೂತಿನ ಚಕ್ಕುಲಿ ಬಿಲ್ಲೆ ಮಾತ್ರ ಇಲ್ಲ. ಹಿಂದಿನ ವರ್ಷ ಮನೆ ಬದಲಾಯಿಸುವಾಗ ಎಲ್ಲಿ ಜಾರಿತೋ.

ಅಮ್ಮನನ್ನೂ ಕರೆದುಕೊಂಡು ಪೇಟೆಗೆ ಹೋದೆ. ಈಗಿನ ಒರಳುಗಳ ಬಾಯಿ ಚಿಕ್ಕದು. ಅವುಗಳ ಬಿಲ್ಲೆಯನ್ನು ನಮ್ಮ ಒರಳಿಗೆ ಹಾಕಿದರೆ ಅಂಚಿನ ಮೇಲೆ ಕೂರದೆ ಸೀದಾ ಕೆಳಗೆ ಬೀಳುತ್ತದೆ. “ಹೊಸ ಒರಳೇ ತಗೊಳ್ಳಿ ಸಾರ್” ಎಂದು ಅಂಗಡಿಯವರು ಹಗುರವಾದ ಒಂದು ಸ್ಟೀಲಿನ ಒರಳನ್ನು ಮುಂದಿಟ್ಟರು. ಅಮ್ಮ ಅದನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ಏನೂ ಹೇಳದೆ ಇದ್ದಲ್ಲೇ ಇಟ್ಟಳು. ಅಲ್ಲಿಗೆ ಆ ಮಾತು ಮುಗಿಯಿತು.

ತಂಗಿಯ ಮಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಫೋನಿನಲ್ಲಿ ಅವನಿಗೆ ಹೇಳಿದೆ. “ಮಾವ, ಡ್ರಾಯಿಂಗ್ ಮಾಡಿ ಡಿಎಕ್ಸ್‌ಎಫ್ ಫೈಲು ಕೊಟ್ಟರೆ ಲೇಸರ್ ಕಟಿಂಗ್‌ನವರು ಐದು ನಿಮಿಷದಲ್ಲಿ ಸ್ಟೀಲ್ ಶೀಟಿನಲ್ಲಿ ಕತ್ತರಿಸಿ ಕೊಡ್ತಾರೆ. ನೀವೇ ಬರೀಬಹುದು. ಫ್ರೀ ಕ್ಯಾಡ್ ಸಾಫ್ಟ್‌ವೇರ್ ಬೇಕಾದಷ್ಟಿವೆ,” ಎಂದ.

“ಯಾವುದು ಒಳ್ಳೇದಪ್ಪ?”

“ಏನು ಮಾಡ್ತೀರಿ ಅನ್ನೋದರ ಮೇಲೆ ಹೋಗುತ್ತೆ ಮಾವ. ಮಾಡಿದ್ದು ಯಾರ ಕೈಗೆ ಹೋಗಬೇಕು ಅನ್ನೋದೂ ಮುಖ್ಯ.”

ನಾನು ಬ್ಯಾಂಕಿನಲ್ಲಿ ಲೆಕ್ಕ ನೋಡಿಕೊಂಡು ಬಂದವನು. ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಕೆಲಸ ಮಾಡಿದವರು ಅಪ್ಪ. ಲೋಕೋಪಯೋಗಿ ಇಲಾಖೆಯಲ್ಲಿ ಅವರು ಟ್ರೇಸರ್ ಆಗಿದ್ದರು. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ, ರೂಲಿಂಗ್ ಪೆನ್ನಿನಿಂದ ಕಪ್ಪು ಶಾಯಿಯಲ್ಲಿ ಗೆರೆ ಎಳೆಯುವುದು ಅವರ ಕೆಲಸ. ತಪ್ಪಾದರೆ ಬ್ಲೇಡಿನಿಂದ ಮೆಲ್ಲನೆ ಕೆರೆಯಬೇಕು. ಬೇಡವಾದ ತುಂಡುಗಳನ್ನು ಅಪ್ಪ ಮನೆಗೆ ತರುತ್ತಿದ್ದರು. ಅಮ್ಮ ಅವನ್ನು ಬಿಸಿನೀರಿನಲ್ಲಿ ನೆನೆಹಾಕಿದರೆ ಗಂಜಿಯೆಲ್ಲ ಬಿಟ್ಟು ಹೂವಿನಂಥ ಹತ್ತಿಬಟ್ಟೆ ಉಳಿಯುತ್ತಿತ್ತು. ನಮ್ಮ ಬಾಲ್ಯದ ಕರವಸ್ತ್ರಗಳೆಲ್ಲ ಅದರವೇ. ಅಪ್ಪ ಹೋದ ಮೇಲೆ ಉಳಿದ ತಗಡಿನ ಕೊಳವೆಯಲ್ಲಿ ಅವರು ಬರೆದ ಒಂದು ನಕ್ಷೆ ಇದೆ: ಒಂದು ಕಿರುಸೇತುವೆ, 1974. ಬಿಚ್ಚಿ ಹಾಸಿದರೆ ಇವತ್ತಿಗೂ ಒಂದು ಅಂಕಿಯೂ ಮಾಸಿಲ್ಲ. ಸಾಫ್ಟ್‌ವೇರ್ ಹುಡುಕಲು ಕುಳಿತ ರಾತ್ರಿ ಯಾಕೋ ಅದನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಆಮೇಲೆ ನಾನು ತೆಗೆದುಕೊಂಡ ತೀರ್ಮಾನಗಳನ್ನೆಲ್ಲ ಆ ಬಟ್ಟೆಯ ಜತೆ ಹೋಲಿಸಿಯೇ ತೆಗೆದುಕೊಂಡೆ.

ಮೊದಲು ಇಳಿಸಿಕೊಂಡದ್ದು ಬ್ಲೆಂಡರ್. ಹೆಸರು ಕೇಳಿದ್ದೆ, ಹೊಗಳಿಕೆಯನ್ನೂ ಕೇಳಿದ್ದೆ. ಆ ಹೊಗಳಿಕೆಗೆ ಅದು ಅರ್ಹವೇ. 2002ರಲ್ಲಿ ಟಾನ್ ರೋಸೆಂಡಾಲ್ ಎಂಬ ಡಚ್ಚರು ಏಳು ವಾರಗಳಲ್ಲಿ ಜನರಿಂದಲೇ 1 ಲಕ್ಷ ಯೂರೋ ಒಟ್ಟುಮಾಡಿ, ಹೂಡಿಕೆದಾರರ ಕೈಯಲ್ಲಿದ್ದ ಅದನ್ನು ಬಿಡಿಸಿಕೊಂಡು ಎಲ್ಲರಿಗೂ ತೆರೆದಿಟ್ಟರು. ಅದರಲ್ಲೇ ಮಾಡಿದ ಲಾಟ್ವಿಯಾದ ‘ಫ್ಲೋ’ ಚಿತ್ರಕ್ಕೆ 2025ರಲ್ಲಿ ಆಸ್ಕರ್ ಬಂತು. ಆದರೆ ನನ್ನ ಬಿಲ್ಲೆಗೆ ಅದು ಒಗ್ಗಲಿಲ್ಲ. ವೃತ್ತ ಹಾಕು ಎಂದೆ, ಹಾಕಿತು. ಹತ್ತಿರ ಹೋಗಿ ನೋಡಿದರೆ ಅದು ವೃತ್ತವೇ ಅಲ್ಲ, 32 ನೇರ ಗೆರೆಗಳ ಒಂದು ಬಳೆ. ಬೇಕಾದರೆ ಗೆರೆಗಳ ಸಂಖ್ಯೆ ಹೆಚ್ಚಿಸಿಕೊಳ್ಳಬಹುದು, ಆದರೂ ಅದು ಗೆರೆಗಳ ಬಳೆಯೇ. ಚಿತ್ರ ತೋರಿಸುವವರಿಗೆ ಅಷ್ಟು ಸಾಕು. ಕಣ್ಣಿಗೆ ದುಂಡಗೆ ಕಂಡರೆ ಅದು ದುಂಡಗೆ ಇದ್ದಂತೆಯೇ. ಕತ್ತರಿಸುವ ಯಂತ್ರಕ್ಕೆ ಕೇಂದ್ರ ಎಲ್ಲಿ, ತ್ರಿಜ್ಯ ಎಷ್ಟು ಎನ್ನುವುದು ಬೇಕು. ನೋಡಲು ಮಾಡಿದ ಸಾಫ್ಟ್‌ವೇರ್ ಬೇರೆ, ಮಾಡಲು ಮಾಡಿದ ಸಾಫ್ಟ್‌ವೇರ್ ಬೇರೆ ಎಂಬುದು ಎರಡು ರಾತ್ರಿ ಕಳೆದ ಮೇಲೆ ತಿಳಿಯಿತು. ಹೊಸಬರು ಯಾರಾದರೂ ಕೇಳಿದರೆ ನಾನು ಮೊಟ್ಟಮೊದಲು ಹೇಳುವುದು ಇದನ್ನೇ.

ಅಳಿಯ ಹೇಳಿದನೆಂದು ಟಿಂಕರ್‌ಕ್ಯಾಡ್ ನೋಡಿದೆ. ಇಳಿಸಿಕೊಳ್ಳುವುದೇ ಬೇಡ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಡಬ್ಬ, ಕೊಳವೆ, ಗೋಲ ಎಲ್ಲ ಬದಿಯಲ್ಲಿ ಸಾಲಾಗಿ ಕೂತಿರುತ್ತವೆ. ಎಳೆದು ತಂದು ಒಂದರೊಳಗೊಂದು ಇಟ್ಟು, ಇದು ಘನ, ಇದು ತೂತು ಎಂದು ಹೇಳಿ ಕೂಡಿಸಿದರೆ ಆಯಿತು. ನಕ್ಷತ್ರವೂ ಸಿದ್ಧವಾಗಿಯೇ ಇದೆ. ಅರ್ಧ ಗಂಟೆಯಲ್ಲಿ ಒಂದು ಬಿಲ್ಲೆ ಪರದೆಯ ಮೇಲೆ ಕೂತಿತು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ನನ್ನ ಬಿಲ್ಲೆಯ ಮಟ್ಟಿಗೂ ಅದು ಸಾಕಿತ್ತು. ಬೇಡವೆನಿಸಿದ್ದಕ್ಕೆ ಕಾರಣ ಆ ತಗಡಿನ ಕೊಳವೆ. ನಾನು ಬರೆದದ್ದು ನನ್ನ ಕಂಪ್ಯೂಟರಿನಲ್ಲಿ ಇಲ್ಲ. ಯಾವುದೋ ದೇಶದ ಯಾವುದೋ ಕಂಪ್ಯೂಟರಿನಲ್ಲಿದೆ. ನಾಳೆ ನೆಟ್ ಇಲ್ಲದಿದ್ದರೆ ನನ್ನ ನಕ್ಷೆ ನನಗೇ ಕಾಣುವುದಿಲ್ಲ.

ದೊಡ್ಡ ಕಂಪನಿಗಳು ಕೊಡುವ ಉಚಿತ ಆವೃತ್ತಿಗಳ ನಿಯಮಗಳನ್ನು ಲೆಕ್ಕಪತ್ರ ಓದುವ ಅಭ್ಯಾಸದಿಂದಲೇ ಒಂದೊಂದು ಸಾಲು ಓದಿದೆ. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ಬರೆದದ್ದೆಲ್ಲ ಜಗತ್ತಿಗೇ ಕಾಣುವಂತಿರುತ್ತದೆ, ವ್ಯಾಪಾರಕ್ಕೆ ಬಳಸುವಂತಿಲ್ಲ. ಫ್ಯೂಷನ್ ಸ್ವಂತ ಬಳಕೆಗೆ ಉಚಿತ. ಆದರೆ 2020ರಲ್ಲಿ ಆ ಖಾತೆಗಳಿಗೆ ಒಂದು ಮಿತಿ ಬಂತು, ಒಮ್ಮೆಗೆ ತಿದ್ದುವಂತೆ ಇಟ್ಟುಕೊಳ್ಳಬಹುದಾದ ಫೈಲು ಹತ್ತೇ. ಸ್ಕೆಚ್‌ಅಪ್ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಉಚಿತ ಆವೃತ್ತಿ ಕೊಡುತ್ತಿತ್ತು; ಆ ಸಾಲಿನ ಕೊನೆಯದು 2017ರದು, ಆಮೇಲಿನದು ಬ್ರೌಸರಿನಲ್ಲಿ ಮಾತ್ರ. ಡ್ರಾಫ್ಟ್‌ಸೈಟ್‌ನ ಉಚಿತ ಆವೃತ್ತಿ 2019ರ ಕೊನೆಗೆ ನಿಂತೇ ಹೋಯಿತು. ಇವೆಲ್ಲ ಚೆನ್ನಾಗಿ ಕೆಲಸ ಮಾಡುವ ಸಾಫ್ಟ್‌ವೇರ್‌ಗಳೇ. ಕಂಪನಿಯವರು ತಮ್ಮ ವಸ್ತುವಿಗೆ ತಾವು ನಿಯಮ ಹಾಕಿಕೊಳ್ಳುವುದರಲ್ಲಿ ತಪ್ಪೂ ಇಲ್ಲ. ಆದರೆ ಕಲಿಯುವವನು ಅದರೊಳಗೆ ಹಾಕುವುದು ದುಡ್ಡಲ್ಲ, ವರ್ಷಗಳು. ಆ ವರ್ಷಗಳಿಗೆ ಯಾರು ಹೊಣೆ ಎಂದು ಮೊದಲೇ ಕೇಳಿಕೊಳ್ಳಬೇಕು.

ಈ ವಿಷಯದಲ್ಲಿ ನಮ್ಮ ಭಾಷೆ ನಮಗೆ ದೊಡ್ಡ ಉಪಕಾರ ಮಾಡಿದೆ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಮಾತು ಎರಡು ಕಡೆ ಎಳೆಯುತ್ತದೆ. ಕನ್ನಡದಲ್ಲಿ ಉಚಿತ ಎಂದರೆ ದುಡ್ಡಿಲ್ಲದ್ದು, ಮುಕ್ತ ಎಂದರೆ ಕಟ್ಟಿಲ್ಲದ್ದು. ಮದುವೆಮನೆಯ ಊಟ ಉಚಿತ. ಆದರೆ ಮಾಡುವ ಬಗೆಯನ್ನು ಅಡಿಗೆಯವರು ಹೇಳಿಕೊಟ್ಟರೆ ಮಾತ್ರ ಆ ಸಾರು ನಾಳೆ ನಮ್ಮ ಮನೆಯಲ್ಲೂ ಕುದಿಯುತ್ತದೆ. ನನಗೆ ಬೇಕಾದದ್ದು ಈ ಎರಡನೆಯದು.

ಮುಕ್ತವಾದವುಗಳಲ್ಲಿ ಹಾದಿ ಬೇಗ ಕಿರಿದಾಯಿತು. ಬರೀ ಚಪ್ಪಟೆ ನಕ್ಷೆ ಸಾಕೆನ್ನುವವರಿಗೆ ಲಿಬ್ರೆಕ್ಯಾಡ್ ಇದೆ. ಕ್ಯೂಕ್ಯಾಡ್ ಎಂಬುದರ ಮುಕ್ತ ಆವೃತ್ತಿಯಿಂದ ಕವಲೊಡೆದದ್ದು. ಮೂವತ್ತು ನಲವತ್ತರ ಸೈಟಿಗೆ ಮನೆಯ ಪ್ಲ್ಯಾನ್ ಬರೆದುಕೊಳ್ಳುವವರು ಅದಕ್ಕಿಂತ ಆಚೆ ಹೋಗಬೇಕಾಗಿಲ್ಲ. ಪ್ರೋಗ್ರಾಂ ಬರೆಯುವ ಕೈಯಿರುವವರಿಗೆ ಓಪನ್‌ಎಸ್‌ಕ್ಯಾಡ್. ಅದರಲ್ಲಿ ಮೌಸ್ ಹಿಡಿದು ಎಳೆಯುವ ಕೆಲಸವಿಲ್ಲ, ಸಾಲುಸಾಲಾಗಿ ಬರೆದರೆ ಅದೇ ವಸ್ತುವಾಗುತ್ತದೆ. ನಾನು ಹಿಡಿದದ್ದು ಫ್ರೀಕ್ಯಾಡ್. 2002ರಲ್ಲಿ ಯೂರ್ಗನ್ ರೀಗಲ್ ಎಂಬ ಜರ್ಮನ್ ಇಂಜಿನಿಯರು ಹೊರತಂದದ್ದು, ಆಮೇಲೆ ಎಷ್ಟೋ ಕೈಗಳಲ್ಲಿ ಬೆಳೆದದ್ದು. ಅದಕ್ಕೆ 1.0 ಎಂಬ ಸಂಖ್ಯೆ ಸಿಕ್ಕಿದ್ದು 2024ರ ನವೆಂಬರಿನಲ್ಲಿ. ಇಪ್ಪತ್ತೆರಡು ವರ್ಷ ಅವರು ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಎಂದೇ ಹೇಳಿಕೊಂಡು ಬಂದರು. ಕೆಲಸದ ಬಗ್ಗೆ ಅಷ್ಟು ಬಿಗಿಯಾದ ಪ್ರಾಮಾಣಿಕತೆ ಇರುವವರನ್ನು ನಂಬಬಹುದು ಅನ್ನಿಸಿತು.

ತಡಕ್ಕೆ ಕಾರಣವಾದ ತೊಡಕುಗಳಲ್ಲಿ ಒಂದನ್ನು ಹೇಳಲೇಬೇಕು. ವಸ್ತುವಿನ ಒಂದೊಂದು ಮುಖಕ್ಕೂ ಸಾಫ್ಟ್‌ವೇರ್ ಒಂದೊಂದು ನಂಬರು ಕೊಡುತ್ತದೆ. ಆರನೇ ಮುಖದ ಮೇಲೆ ಒಂದು ತೂತು ಕೊರೆದಿದ್ದೇವೆ ಎನ್ನಿ. ಆಮೇಲೆ ಹಿಂದಕ್ಕೆ ಹೋಗಿ ಏನೋ ಒಂದನ್ನು ತಿದ್ದಿದರೆ ನಂಬರುಗಳು ಪಲ್ಲಟವಾಗಿ, ತೂತು ಇನ್ನೆಲ್ಲೋ ಹೋಗಿ ಕೂರುತ್ತಿತ್ತು. ಬೀದಿಯ ನಡುವೆ ಹೊಸ ಮನೆ ಎದ್ದು ಬಾಗಿಲ ನಂಬರುಗಳೆಲ್ಲ ಬದಲಾದಾಗ ನಮ್ಮ ಅಂಚೆ ಪಕ್ಕದ ಮನೆಗೆ ಹೋಗುತ್ತದಲ್ಲ, ಹಾಗೆ. 1.0ರಲ್ಲಿ ಅದನ್ನು ಬಹುಮಟ್ಟಿಗೆ ಸರಿಪಡಿಸಿದ್ದಾರೆ. ಹಾಗಾಗಿ ಈಗ ಶುರುಮಾಡುವವರ ಅದೃಷ್ಟ ಹಿಂದಿನವರಿಗಿಂತ ಚೆನ್ನಾಗಿದೆ.

ಆದರೂ ಅದು ಸುಲಭವೆಂದು ಯಾರಿಗೂ ಹೇಳಲಾರೆ. ತೆರೆದ ಕೂಡಲೇ ವರ್ಕ್‌ಬೆಂಚ್ ಎಂಬ ಪಟ್ಟಿ ಉದ್ದಕ್ಕೂ ಇಳಿಯುತ್ತದೆ. ಬಡಗಿಗೊಂದು, ಕಮ್ಮಾರನಿಗೊಂದು, ಗಾರೆಯವನಿಗೊಂದು ಎನ್ನುವ ಹಾಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮೇಜು. ‘ಪಾರ್ಟ್’ ಎಂದು ಒಂದಿದೆ, ‘ಪಾರ್ಟ್ ಡಿಸೈನ್’ ಎಂದು ಇನ್ನೊಂದಿದೆ. ಯಾವುದಕ್ಕೆ ಯಾವುದೆಂದು ಹೊಸಬನಿಗೆ ಹೊಳೆಯುವುದಿಲ್ಲ. ಅಳಿಯ ಹೇಳಿದ ಒಂದು ಮಾತು ನನ್ನನ್ನು ಕಾಪಾಡಿತು: “ಮಾವ, ಒಂದು ತಿಂಗಳು ಸ್ಕೆಚರ್ ಮತ್ತು ಪಾರ್ಟ್ ಡಿಸೈನ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ.” ಮುಟ್ಟಲಿಲ್ಲ.

ಸ್ಕೆಚರಿನಲ್ಲಿ ಕಂಡದ್ದನ್ನು ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ವೃತ್ತ ಎಳೆದೆ. ಬಿಳಿಯ ಗೆರೆ. ಪಕ್ಕದಲ್ಲಿ ಒಂದು ಸೂಚನೆ: ಇದಕ್ಕೆ ಇನ್ನೂ ಮೂರು ಸ್ವಾತಂತ್ರ್ಯಗಳು ಉಳಿದಿವೆ. ಮೂರು ಯಾವುವು? ಮೌಸಿನಿಂದ ಹಿಡಿದು ಎಳೆದೆ, ವೃತ್ತ ಎಡಕ್ಕೆ ಬಂತು. ಮೇಲಕ್ಕೆ ಎಳೆದೆ, ಮೇಲೆ ಹೋಯಿತು. ಅಂಚು ಹಿಡಿದು ಎಳೆದೆ, ಹಿಗ್ಗಿತು. ಇವೇ ಆ ಮೂರು. ಕೇಂದ್ರವನ್ನು ಮೂಲಬಿಂದುವಿಗೆ ಅಂಟಿಸಿದೆ. ಎರಡು ಹೋಗಿ ಒಂದು ಉಳಿಯಿತು. ವ್ಯಾಸ 52 ಎಂದು ಬರೆದೆ. ಗೆರೆ ಹಸಿರಾಯಿತು. ಈಗ ಎಷ್ಟು ಎಳೆದರೂ ಅದು ಅಲುಗುವುದಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿಯಾಯಿತು, ಒಂದು ಮಾತೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ ಎನ್ನುವುದಕ್ಕೆ ಆ ಹಸಿರು ಗುರುತು. ಲೆಕ್ಕ ತಾಳೆಯಾದ ದಿನ ಬ್ಯಾಂಕಿನಲ್ಲಿ ಆಗುತ್ತಿದ್ದ ಸಮಾಧಾನವೇ ಇಲ್ಲೂ ಆಯಿತು.

ಇದು ಇವತ್ತಿನ ಯೋಚನೆಯಲ್ಲ. 1963ರಲ್ಲೇ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ತಮ್ಮ ಪಿಎಚ್‌.ಡಿ.ಗಾಗಿ ‘ಸ್ಕೆಚ್‌ಪ್ಯಾಡ್’ ಮಾಡಿದರು. ಕೋಣೆ ತುಂಬುವ ಟಿಎಕ್ಸ್-2 ಕಂಪ್ಯೂಟರಿನ ಪರದೆಯ ಮೇಲೆ ಬೆಳಕಿನ ಪೆನ್ನಿನಿಂದ ಗೆರೆ ಎಳೆದು, ಇವೆರಡು ಸಮಾಂತರ, ಇವೆರಡು ಒಂದೇ ಉದ್ದ ಎಂದು ಹೇಳಿದರೆ ಗೆರೆಗಳು ತಾವೇ ಸರಿದು ಹಾಗೆ ನಿಲ್ಲುತ್ತಿದ್ದವು. ಅಪ್ಪನ ಸೇತುವೆಯ ನಕ್ಷೆಗಿಂತ ಹನ್ನೊಂದು ವರ್ಷ ಹಿಂದೆ! ಅವರು ಬ್ಲೇಡಿನಿಂದ ಕೆರೆಯುತ್ತಿದ್ದ ಕಾಲಕ್ಕೆ ಇಂಥದೊಂದು ಲೋಕ ಆಗಲೇ ಹುಟ್ಟಿತ್ತು. ಅವರಿಗೆ ಇದನ್ನು ತೋರಿಸಬೇಕಿತ್ತು ಎಂದು ಆ ರಾತ್ರಿ ಬಹಳ ಅನ್ನಿಸಿತು.

ಬಿಲ್ಲೆಯ 52 ಮಿಲಿಮೀಟರ್ ಬಂದದ್ದು ಖಾರಸೇವೆ ಬಿಲ್ಲೆಯಿಂದ. ವರ್ನಿಯರ್ ಹಿಡಿದು ಮೂರು ದಿಕ್ಕಿನಲ್ಲಿ ಅಳೆದರೆ ಮೂರು ಉತ್ತರ: 52.1, 51.8, 52.0. ಐವತ್ತು ವರ್ಷ ತಿರುಗಿ ತಿರುಗಿ ಸವೆದದ್ದು, ಹಾಗೇ ಇರುತ್ತದೆ. ದಪ್ಪ 2. ಉಳಿದದ್ದು ನಕ್ಷತ್ರ. ಅದಕ್ಕೆ ಅಮ್ಮನ ನೆನಪೇ ಆಧಾರ.

“ಎಷ್ಟು ಮುಳ್ಳಿತ್ತಮ್ಮಾ?”

“ಆರು. ನೋಡಿದ ಹಾಗೇ ಇದೆ ಕಣೋ.”

“ಎಷ್ಟು ದೊಡ್ಡದು?”

ಅಮ್ಮ ಕಿರುಬೆರಳಿನ ಉಗುರು ತೋರಿಸಿದಳು. ಉಗುರಿನ ಅಗಲ ಅಳೆದೆ: 8 ಮಿಲಿಮೀಟರ್.

ಫ್ರೀಕ್ಯಾಡಿನಲ್ಲಿ ಲೆಕ್ಕದ ಕೋಷ್ಟಕವೂ ಇದೆ. ಅದು ನನಗೆ ತವರುಮನೆ ಇದ್ದಂತೆ. ಬಿಲ್ಲೆಯ ವ್ಯಾಸ 52, ನಕ್ಷತ್ರದ ತುದಿಯಿಂದ ತುದಿಗೆ 8, ಒಳಗಿನ ವೃತ್ತ ಅದರ 0.65 ಪಟ್ಟು, ಮುಳ್ಳು 6 ಎಂದು ಮನೆಮನೆಯಲ್ಲಿ ತುಂಬಿ, ನಕ್ಷೆಯ ಅಳತೆಗಳನ್ನು ಅವಕ್ಕೆ ಕಟ್ಟಿದೆ. ನಡುವೆ ದುಂಡು ತೂತು, ಅದರ ಅಂಚಿನಲ್ಲಿ ಒಂದು ಮುಳ್ಳು. ಒಂದು ಬರೆದರೆ ಸಾಕು. ಸುತ್ತ ಆರು ಮಾಡು ಎಂದರೆ ಉಳಿದ ಐದನ್ನು ಅದೇ ನಿಲ್ಲಿಸುತ್ತದೆ. ಮುಳ್ಳಿನ ತುದಿಯನ್ನು ಮಾತ್ರ ಕೂದಲೆಳೆಯಷ್ಟು ದುಂಡಗೆ ಮಾಡಿದೆ. ಲೇಸರಿನ ಬೆಳಕಿಗೂ ಒಂದು ದಪ್ಪವಿದೆಯಂತೆ. ಅದಕ್ಕಿಂತ ಸಣ್ಣ ಮೂಲೆಯೊಳಗೆ ಅದು ಹೋಗಲಾರದು.

ಕೊನೆಗೆ ಡಿಎಕ್ಸ್‌ಎಫ್ ಫೈಲು ಮಾಡಿದೆ. ಆಟೊಕ್ಯಾಡ್ ಜತೆ 1982ರಲ್ಲಿ ಹುಟ್ಟಿದ ಈ ಬಗೆಯ ಫೈಲನ್ನು ಲೇಸರ್ ಅಂಗಡಿಯವರು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಾರೆ. ಕುತೂಹಲಕ್ಕೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಅರ್ಥವಾಗದ ಚಿಹ್ನೆಗಳು ಬಂದಾವು ಅಂದುಕೊಂಡಿದ್ದೆ. ಬಂದದ್ದು ಓದಬಹುದಾದ ಅಕ್ಷರಗಳು, ಅಂಕಿಗಳು. ಕೆಳಗೆ ಕೆಳಗೆ ಹೋದಾಗ ‘ಸರ್ಕಲ್’ ಎಂಬ ಪದ ಸಿಕ್ಕಿತು. ಅದರಡಿ 10 ಎಂಬ ಸಾಲು, ಅದರ ಕೆಳಗೆ ಸೊನ್ನೆ: ಕೇಂದ್ರ ಅಡ್ಡಕ್ಕೆ ಎಲ್ಲಿದೆ ಎನ್ನುವುದು. 20 ಎಂಬ ಸಾಲು, ಮತ್ತೆ ಸೊನ್ನೆ: ಮೇಲೆ ಕೆಳಗೆ ಎಲ್ಲಿದೆ ಎನ್ನುವುದು. ಆಮೇಲೆ 40, ಅದರ ಕೆಳಗೆ 26. ತ್ರಿಜ್ಯ. 52ರ ಅರ್ಧ. ನನ್ನ ಬಿಲ್ಲೆ ಅಲ್ಲಿ ಅಂಕಿಗಳಲ್ಲಿ ಕೂತಿತ್ತು. ಫ್ರೀಕ್ಯಾಡ್ ಇಲ್ಲದವರೂ, ನಾನು ಇಲ್ಲದ ಕಾಲದಲ್ಲೂ, ಇದನ್ನು ಓದಿ ಒಂದು ಕೈವಾರ ಹಿಡಿದು ಮತ್ತೆ ಬರೆಯಬಹುದು. ಮೇಜಿನ ಇನ್ನೊಂದು ಬದಿಯಲ್ಲಿ ಅಪ್ಪನ ಟ್ರೇಸಿಂಗ್ ಬಟ್ಟೆ ಹಾಗೇ ಹರಡಿಕೊಂಡಿತ್ತು. ಎರಡನ್ನೂ ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಅಂಗಡಿಗೆ ಫೈಲು ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು. “ಸಾರ್, ಇದು ಎಂಎಂ ತಾನೆ? ಫೈಲಲ್ಲಿ ಬಂದಿಲ್ಲ, ಇಂಚು ಅಂತ ತೋರಿಸ್ತಿದೆ.” ನಕ್ಷೆಯಲ್ಲಿ 52 ಎಂಬ ಸಂಖ್ಯೆ ಇದೆ, 52 ಏನು ಎನ್ನುವುದು ದಾರಿಯಲ್ಲಿ ಬಿದ್ದುಹೋಗಿತ್ತು. ಆ ಹುಡುಗ ಕೇಳಿದ್ದಕ್ಕೆ ಬಚಾವಾಯಿತು. ಅಂದಿನಿಂದ ಫೈಲಿನ ಹೆಸರಿನಲ್ಲೇ ಮಿಲಿಮೀಟರ್ ಎಂದು ಸೇರಿಸುತ್ತೇನೆ. ಜತೆಗೆ ಅಳತೆ ಬರೆದ ಒಂದು ಪಿಡಿಎಫ್ ಕೂಡ ಕಳಿಸುತ್ತೇನೆ. ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಆದರೂ ಕತ್ತರಿಸುವವನ ಜತೆ ಎರಡು ಮಾತಾಡುವುದನ್ನು ತಪ್ಪಿಸಲಾರದು.

ಸಂಜೆಗೆ ಬಿಲ್ಲೆ ಬಂತು. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿದೆ, ಅಮ್ಮ ಕುದಿಯುವ ನೀರಿನಲ್ಲಿ ಹಾಕಿ ತೆಗೆದಳು. ಒರಳಿನ ಬಾಯಿಗೆ ಹಾಕಿದರೆ ಟಕ್ಕೆಂದು ಕೂತಿತು. ಹಿಟ್ಟು ತುಂಬಿ ಒತ್ತಿದಳು. ಹಿಟ್ಟು ಬರಲು ತುಂಬ ಹೊತ್ತು ಹಿಡಿಯಿತು. ಬಂದದ್ದೂ ಸಣ್ಣಗೆ, ದಾರದಂತೆ. ನಾಲ್ಕು ಸುತ್ತು ಒತ್ತುವಷ್ಟರಲ್ಲಿ ಅಮ್ಮನ ಮಣಿಕಟ್ಟು ಸೋತಿತು. ಎಣ್ಣೆಗೆ ಬಿಟ್ಟದ್ದು ಕ್ಷಣದಲ್ಲಿ ಕೆಂಪಾಗಿ ಹೋಯಿತು.

“ಮುಳ್ಳು ಚೆನ್ನಾಗಿ ಬಂದಿದೆ,” ಎಂದಳು ಅಮ್ಮ, ಒಂದನ್ನು ಮುರಿದು ನೋಡುತ್ತ. “ತೂತು ಸಾಲದು. ಉಗುರಿನಷ್ಟು ಅಂದದ್ದು ಅಂದಾಜಿಗೆ ಕಣೋ.”

ಸರಿಯಾಗಿ 8 ಎಂದು ನಾನು ತಿಳಿದಿದ್ದೆ. ಕೋಷ್ಟಕ ತೆರೆದು 8 ಅಳಿಸಿ 10 ಮಾಡಿದೆ. ಪರದೆಯ ಮೇಲೆ ನಕ್ಷತ್ರ ಒಮ್ಮೆ ಮಿಟುಕಿ ದೊಡ್ಡದಾಯಿತು. ಒಳಗಿನ ವೃತ್ತ ತಾನೇ 6.5ಕ್ಕೆ ಹೋಯಿತು, ಆರು ಮುಳ್ಳೂ ತಮ್ಮ ಜಾಗಕ್ಕೆ ಸರಿದು ನಿಂತವು. ತುದಿಯಿಂದ ತುದಿಗೆ ಎರಡೇ ಮಿಲಿಮೀಟರ್ ಹೆಚ್ಚಾದರೂ ಹಿಟ್ಟು ಬರುವ ದಾರಿ ಒಂದೂವರೆ ಪಟ್ಟಿಗಿಂತ ಅಗಲವಾಯಿತು. ಟ್ರೇಸಿಂಗ್ ಬಟ್ಟೆಯ ಮೇಲೆ ಇದನ್ನು ಮಾಡಬೇಕಾಗಿದ್ದರೆ ಮೊದಲಿನಿಂದ ಬರೆಯಬೇಕಿತ್ತು. ಒಂದು ಮನೆಯಲ್ಲಿ ಒಂದು ಸಂಖ್ಯೆ ತಿದ್ದಿದರೆ ಇಡೀ ವಸ್ತು ಅದನ್ನು ಅನುಸರಿಸುತ್ತದಲ್ಲ, ಫ್ರೀಕ್ಯಾಡಿನ ಕಷ್ಟವನ್ನೆಲ್ಲ ಸಹಿಸಿದ್ದಕ್ಕೆ ಸಿಕ್ಕ ಫಲ ಅದೇ. ಬರೀ ಚಪ್ಪಟೆ ಬಿಲ್ಲೆಗೆ ಲಿಬ್ರೆಕ್ಯಾಡ್ ಸಾಕಿತ್ತು ಎಂದು ಬಲ್ಲವರು ಹೇಳುತ್ತಾರೆ. ಒಂದೇ ಬಿಲ್ಲೆ ಆಗಿದ್ದರೆ ಹೌದು.

ಎರಡನೇ ಬಿಲ್ಲೆಯಲ್ಲಿ ಅಮ್ಮ ಅಷ್ಟಮಿಗೆ ಎರಡು ಸೇರು ಹಿಟ್ಟಿನ ಚಕ್ಕುಲಿ ಸುಟ್ಟಳು. ಸುತ್ತು ಬಿಚ್ಚಲಿಲ್ಲ, ಮುಳ್ಳು ಮುರಿಯಲಿಲ್ಲ. ಅದರ ಫೋಟೊ ಶಿವಮೊಗ್ಗದ ತಂಗಿಗೆ ಹೋಯಿತು. ಮರುದಿನ ಬೆಳಿಗ್ಗೆಯೇ ಅವಳ ಫೋನು. “ಅಣ್ಣ, ನಮ್ಮತ್ತೆಯ ಒರಳಿಗೂ ಒಂದು ಮಾಡಿಸಿಕೊಡು. ಅದರದೂ ಹೋಗಿ ಎಷ್ಟೋ ವರ್ಷ ಆಯ್ತು.”

ಅವಳ ಹತ್ತಿರ ವರ್ನಿಯರ್ ಇಲ್ಲ. ಹೊಲಿಗೆಯ ಟೇಪಿನಲ್ಲಿ ಅಳೆದು ಐದೂಮುಕ್ಕಾಲು ಸೆಂಟಿಮೀಟರ್ ಎಂದಳು. ಬಾಯಿಗಿಂತ ಬಿಲ್ಲೆ ಕೊಂಚ ಚಿಕ್ಕದಿರಬೇಕಲ್ಲ, 52 ಇದ್ದಲ್ಲಿ 57 ಬರೆದೆ. ಸ್ಟೀಲಿಗೆ ಕೊಡುವ ಮೊದಲು ನೋಡೋಣವೆಂದು ನಕ್ಷೆಯನ್ನು ಇದ್ದ ಅಳತೆಗೇ ಪಿಡಿಎಫ್ ಮಾಡಿ ಕಳಿಸಿ, ಪ್ರಿಂಟ್ ತೆಗೆಸುವಾಗ ನೂರಕ್ಕೆ ನೂರು ಎಂದು ಹೇಳಬೇಕು, ಕಾಗದಕ್ಕೆ ಹೊಂದಿಸುತ್ತೇನೆ ಅಂದರೆ ಬೇಡ ಅನ್ನಬೇಕು ಎಂದು ಎರಡು ಸಲ ತಿಳಿಸಿದೆ. ಅವಳು ಅದನ್ನು ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ, ಕತ್ತರಿಸಿ, ಒರಳಿಗೆ ಹಾಕಿ ನೋಡಿದಳು.

“ಕೂತಿತು ಅಣ್ಣ. ಆದರೆ ಬೆರಳಿಟ್ಟರೆ ಸ್ವಲ್ಪ ಅಲ್ಲಾಡುತ್ತೆ.”

ಕೋಷ್ಟಕ ತೆರೆದು 57 ಅಳಿಸಿ 57.3 ಎಂದು ಬರೆದೆ.